ಎಲಿಕ್ಸರ್ ಹಬ್ಬಿಸಲು ನಾಲ್ಕು ದಾರಿ ಹಿಡಿದು ನೋಡಿದೆ: ಯಾವುದು ಫಲ ಕೊಟ್ಟಿತು?

ಎಲಿಕ್ಸರ್ ನನಗೆ ತುಂಬಾ ಇಷ್ಟದ ಪ್ರೋಗ್ರಾಮಿಂಗ್ ಭಾಷೆ. ಇಷ್ಟವಾದದ್ದನ್ನು ಜೊತೆಯವರೂ ಬಳಸಲಿ ಅನಿಸುತ್ತದೆ ಅಲ್ವಾ? ಅದಕ್ಕೆ ಮೂರು ವರ್ಷದಲ್ಲಿ ಎರಡು ತಂಡಗಳಲ್ಲಿ ನಾಲ್ಕು ಥರ ಪ್ರಯತ್ನಪಟ್ಟೆ: ಒಂದು ಭಾಷಣ, ವಾರವಾರ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸುವ ಗುಂಪು, ಇದ್ದ ಸಾಫ್ಟ್‌ವೇರ್ ಸರ್ವೀಸನ್ನೇ ಎಲಿಕ್ಸರ್‌ನಲ್ಲಿ ಹೊಸದಾಗಿ ಬರೆಯುವುದು, ಕೊನೆಗೆ ಒಬ್ಬರ ಪಕ್ಕ ಕೂತು ಅವರದೇ ಕೆಲಸವನ್ನು ಲೈವ್‌ಬುಕ್‌ನಲ್ಲಿ (ಎಲಿಕ್ಸರ್ ಕೋಡ್ ಬರೆದು ಅಲ್ಲೇ ಓಡಿಸಿ ನೋಡುವ ನೋಟ್‌ಬುಕ್) ಮಾಡುವುದು. ನಿಮ್ಮ ಮೆಚ್ಚಿನ ಭಾಷೆ ನಿಮ್, ಒಕ್ಯಾಮಲ್, ಕ್ಲೋಜರ್‌ನಂಥ ಬೇರೊಂದು ಆಗಿದ್ದರೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಭಾಷಣ. ಒಂದು ಗಂಟೆ ಮಾತಾಡಿದೆ. ಎರಿಕ್ಸನ್ ಕಂಪನಿಯಲ್ಲಿ 1986ರಲ್ಲಿ ಟೆಲಿಫೋನ್ ವ್ಯವಸ್ಥೆಗಳಿಗಾಗಿ ಎರ್ಲಾಂಗ್ ಭಾಷೆ ಶುರುವಾದದ್ದು, ಅದರ ಕೋಡನ್ನು ಓಡಿಸುವ ವರ್ಚುವಲ್ ಮಷೀನ್ ಬೀಮ್ ಮೇಲೆ ಜೋಸೆ ವಲೀಮ್ ಎಲಿಕ್ಸರ್ ಕಟ್ಟಿದ್ದು, 2014ರಲ್ಲಿ ಅದರ 1.0 ಆವೃತ್ತಿ ಬಂದದ್ದು, ವಾಟ್ಸಾಪ್ ಎರ್ಲಾಂಗ್ ಮೇಲೆ ಬೆಳೆದದ್ದು, ಎಲ್ಲ ಹೇಳಿದೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲೇ 1 ಲಕ್ಷ ಪ್ರೋಸೆಸ್ (ಒಟ್ಟೊಟ್ಟಿಗೆ, ಬೇರೆಬೇರೆಯಾಗಿ ನಡೆಯುವ ಪುಟ್ಟ ಕೆಲಸಗಳು) ಹುಟ್ಟಿಸಿ ತೋರಿಸಿದೆ. ಇವು ಆಪರೇಟಿಂಗ್ ಸಿಸ್ಟಮ್‌ನ ಭಾರದ ಥ್ರೆಡ್‌ಗಳಲ್ಲ, ಒಂದೊಂದಕ್ಕೂ ಶುರುವಿನಲ್ಲಿ ಎರಡು-ಮೂರು ಕಿಲೋಬೈಟ್ ಮೆಮೊರಿ ಸಾಕು. ಎಲ್ಲರೂ ಕಣ್ಣರಳಿಸಿ ನೋಡಿದರು, ಚಪ್ಪಾಳೆ ತಟ್ಟಿದರು. ಆ ವಾರ ಇನ್‌ಸ್ಟಾಲ್ ಮಾಡಿಕೊಂಡವರು ಇಬ್ಬರು. ತಿಂಗಳಾದ ಮೇಲೆ ಒಬ್ಬರೂ ಇಲ್ಲ. ಅಲ್ಲಿದ್ದವರ ದಿನದ ಕೆಲಸದಲ್ಲಿ 1 ಲಕ್ಷ ಪ್ರೋಸೆಸ್ ಯಾರಿಗೂ ಬೇಕಿರಲಿಲ್ಲ.

ಲೆಕ್ಕ ಬಿಡಿಸುವ ಗುಂಪು ಇದಕ್ಕಿಂತ ಎಷ್ಟೋ ವಾಸಿ. ಎಕ್ಸರ್ಸಿಸಂ ಎಂಬ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್‌ನಲ್ಲಿ ಎಲಿಕ್ಸರ್‌ಗೆ ಬೇರೆಯೇ ಅಭ್ಯಾಸಗಳಿವೆ, ದುಡ್ಡು ಕೊಡಬೇಕಿಲ್ಲ. ಐದು ಜನ ಮೂರು ತಿಂಗಳು ಬಿಡದೆ ಬಂದರು. ಪ್ಯಾಟರ್ನ್ ಮ್ಯಾಚಿಂಗ್, ಪೈಪ್, ರಿಕರ್ಶನ್‌ನಂಥ ಭಾಷೆಯ ಮೂಲ ವರಸೆಗಳು ಚೆನ್ನಾಗಿ ಕೈಗೆ ಹತ್ತಿದವು. ಆದರೆ ಕಲಿತದ್ದು ಕೆಲಸದವರೆಗೆ ಬರಲಿಲ್ಲ. ಫೈಲ್ ಓದುವುದು, ಡೇಟಾಬೇಸ್‌ಗೆ ಸೇರಿಸುವುದು, ಸರ್ವರ್‌ಗೆ ಹಾಕುವುದು ಇವೆಲ್ಲ ಆ ಲೆಕ್ಕಗಳಲ್ಲಿ ಇರುವುದೇ ಇಲ್ಲ.

ಮೂರನೆಯದರಲ್ಲಿ ನಷ್ಟವೇ ಆಯಿತು. ಸುಮ್ನೆ ನಡೆಯುತ್ತಿದ್ದ ನೋಟಿಫಿಕೇಶನ್ ಸರ್ವೀಸನ್ನು ನಾನು ಹಟ ಹಿಡಿದು ಎಲಿಕ್ಸರ್‌ನ ವೆಬ್ ಫ್ರೇಮ್‌ವರ್ಕ್ ಫೀನಿಕ್ಸ್‌ನಲ್ಲಿ ಮತ್ತೆ ಬರೆದೆ. ವೇಗ ಇತ್ತು, ಕೋಡ್ ಕಡಿಮೆ ಆಗಿತ್ತು, ಒಂದು ಪ್ರೋಸೆಸ್ ಬಿದ್ದರೆ ಸೂಪರ್ವೈಸರ್ (ಬೇರೆ ಪ್ರೋಸೆಸ್‌ಗಳನ್ನು ಕಾಯುವ ಪ್ರೋಸೆಸ್) ಅದನ್ನು ಎಬ್ಬಿಸುತ್ತಿತ್ತು, ಉಳಿದವಕ್ಕೆ ಏನೂ ಆಗುತ್ತಿರಲಿಲ್ಲ. ನಾನು ರಜೆಯಲ್ಲಿದ್ದಾಗ ಒಂದು ರಾತ್ರಿ, ಹೊರಗಿನಿಂದ ಬರುವ ಡೇಟಾದ ಆಕಾರ ಬದಲಾಗಿ, ಒಂದು ಪ್ರೋಸೆಸ್ ಎದ್ದ ಕೂಡಲೇ ಬೀಳತೊಡಗಿತು. ಸೂಪರ್ವೈಸರ್‌ಗೆ ನಾವಾಗಿ ಬೇರೆ ಏನೂ ಹೇಳದಿದ್ದರೆ 5 ಸೆಕೆಂಡಿನಲ್ಲಿ 3 ಸಲ ಎಬ್ಬಿಸುತ್ತದೆ, ಅದನ್ನೂ ಮೀರಿದರೆ ತಾನೇ ಬೀಳುತ್ತದೆ, ಆಮೇಲೆ ಅದರ ಮೇಲಿನದು, ಹಾಗೇ ಕೊನೆಗೆ ಇಡೀ ಆಪ್. ಆ ರಾತ್ರಿ ಡ್ಯೂಟಿಯಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟಿರಲೂ ಇಲ್ಲ. ಲಾಗ್ ತುಂಬಾ ಉದ್ದುದ್ದ ಎರರ್‌ಗಳು, ಎಲ್ಲಿಂದ ಓದಬೇಕೆಂದೇ ತಿಳಿಯದೆ ಬೆಳಗಿನವರೆಗೆ ಒದ್ದಾಡಿದರು. ಎರಡು ವಾರದಲ್ಲಿ ಸರ್ವೀಸ್ ಹಳೆಯ ಭಾಷೆಗೆ ವಾಪಸ್ ಹೋಯಿತು. ಆಮೇಲೆ ಆ ತಂಡದಲ್ಲಿ ಎಲಿಕ್ಸರ್ ಎಂದರೆ ಆ ರಾತ್ರಿಯ ನೆನಪು, ಅಷ್ಟೇ. ಓದಬಲ್ಲವರು ಇನ್ನೂ ಇಬ್ಬರಾದರೂ ಇಲ್ಲದೆ ಯಾವ ಭಾಷೆಯನ್ನೂ ಪ್ರೊಡಕ್ಷನ್‌ಗೆ, ಅಂದರೆ ಜನ ನಿಜವಾಗಿ ಬಳಸುವ ಸರ್ವೀಸ್‌ಗೆ, ತರಬೇಡಿ. ಭಾಷೆಗೂ ಕೆಟ್ಟ ಹೆಸರು, ನಿದ್ದೆ ಕೆಡುವುದು ಬೇರೆಯವರದು.

ನಾಲ್ಕನೆಯ ಪ್ರಯತ್ನ ಎರಡನೇ ತಂಡದಲ್ಲಿ. ಅಲ್ಲಿ ಒಬ್ಬರು ಪ್ರತಿ ಸೋಮವಾರ ಎರಡು ಸಿಎಸ್‌ವಿ ಫೈಲ್ (ಸಾಲುಸಾಲಾಗಿ ಡೇಟಾ ಇರುವ ಪಠ್ಯ ಫೈಲ್) ತೆರೆದು, ಯಾವ ಸಾಲು ತಾಳೆಯಾಗುತ್ತಿಲ್ಲ ಎಂದು ಕಣ್ಣಲ್ಲೇ ಹುಡುಕುತ್ತಿದ್ದರು. ಅವರ ಪಕ್ಕ ಕೂತು ಲೈವ್‌ಬುಕ್ ತೆರೆದೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಪ್ರಾಜೆಕ್ಟ್ ಫೋಲ್ಡರ್ ಬೇಡ, ಬೇಕಾದ ಲೈಬ್ರರಿಯ ಹೆಸರನ್ನು ಮೊದಲ ಸೆಲ್‌ನಲ್ಲಿ (ಕೋಡ್ ಬರೆಯುವ ಚೌಕ) ಬರೆದರೆ ಸಾಕು. ಟೈಪ್ ಮಾಡಿದ್ದು ಅವರೇ. ಅರ್ಧ ಗಂಟೆಯಲ್ಲಿ ತಾಳೆಯಾಗದ ಸಾಲುಗಳ ನಂಬರ್ ಬರಬೇಕಿತ್ತು: 65, 66, 72. ಪರದೆ ಮೇಲೆ ಬಂದದ್ದು ಮೂರು ಇಂಗ್ಲಿಷ್ ಅಕ್ಷರ: ಎ, ಬಿ, ಎಚ್. "ಡೇಟಾ ಕೆಟ್ಟು ಹೋಯ್ತಾ?" ಅಂದರು, ಕೈ ಕೀಬೋರ್ಡ್‌ನಿಂದ ಹಿಂದೆ ಹೋಯಿತು. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇದೆ, ದೊಡ್ಡ ಎ ಎಂದರೆ 65. ಎರ್ಲಾಂಗ್‌ನಲ್ಲಿ ಹಿಂದಿನಿಂದಲೂ ಪಠ್ಯವನ್ನು ಅಕ್ಷರಗಳ ನಂಬರಿನ ಲಿಸ್ಟ್ ಆಗಿ ಇಡುತ್ತಿದ್ದರು, ಹಾಗಾಗಿ ಲಿಸ್ಟ್‌ನಲ್ಲಿರುವ ಎಲ್ಲವೂ ಅಕ್ಷರದ ನಂಬರೇ ಆಗಿದ್ದರೆ ಎಲಿಕ್ಸರ್ ಅದನ್ನು ಅಕ್ಷರವಾಗಿ ತೋರಿಸುತ್ತದೆ, ಒಳಗಿನ ನಂಬರ್ ಹಾಗೇ ಇರುತ್ತದೆ. ಒಂದು ಸೆಟ್ಟಿಂಗ್ ಬದಲಿಸಿದೆವು, 65, 66, 72 ಬಂತು. ಎರಡು ನಿಮಿಷದ ಮಾತು. ಒಬ್ಬರೇ ಇದ್ದಿದ್ದರೆ ಅಲ್ಲೇ ಮುಚ್ಚಿಟ್ಟು ಎದ್ದು ಹೋಗುತ್ತಿದ್ದರು ಅಂತ ಆಮೇಲೆ ಅವರೇ ಹೇಳಿದರು.

ಮುಂದಿನ ಸೋಮವಾರ ನನ್ನನ್ನು ಕರೆಯಲಿಲ್ಲ. ಮೂರನೇ ಫೈಲನ್ನೂ ಅವರೇ ಸೇರಿಸಿಕೊಂಡಿದ್ದರು. ಅದನ್ನು ನೋಡಿ ಪಕ್ಕದವರು ಕೇಳಿದರು, ಈಗ ನಾಲ್ಕು ಜನ ಇದ್ದಾರೆ.

ಇದರಲ್ಲೂ ಕೊರತೆ ಇದೆ. ತುಂಬಾ ನಿಧಾನ, ಒಬ್ಬೊಬ್ಬರಿಗೂ ನಿಮ್ಮ ಸಮಯ ಜಾಸ್ತಿ ಬೇಕು. ಲೈವ್‌ಬುಕ್‌ನಿಂದ ಟೆಸ್ಟ್ ಇರುವ ಪೂರ್ತಿ ಪ್ರಾಜೆಕ್ಟ್‌ಗೆ ಹೋಗುವುದು ಇನ್ನೊಂದು ಮೆಟ್ಟಿಲು, ಲೆಕ್ಕ ಬಿಡಿಸುವ ಗುಂಪು ಚೆನ್ನಾಗಿ ಕೂರುವುದು ಅಲ್ಲಿ: ಆಗಲೇ ಒಂದು ಕೆಲಸ ಮಾಡಿಕೊಂಡವರು ಬಂದರೆ ಅವರ ಪ್ರಶ್ನೆಗಳೇ ಬೇರೆ. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಎರಡು ಮಾತಿಲ್ಲದೆ ಪಕ್ಕ ಕೂರುವುದನ್ನೇ ಆರಿಸುತ್ತೇನೆ.

ಭಾಷಣವನ್ನೂ ಪೂರ್ತಿ ಬಿಟ್ಟಿಲ್ಲ. ಹೋದ ತಿಂಗಳು ಆ ಸಿಎಸ್‌ವಿಯವರೇ 15 ನಿಮಿಷ ಮಾತಾಡಿದರು. ಎರಿಕ್ಸನ್ ಕಥೆ ಇರಲಿಲ್ಲ, 1 ಲಕ್ಷ ಪ್ರೋಸೆಸ್ ಇರಲಿಲ್ಲ. ಮೊದಲ ಸ್ಲೈಡ್‌ನಲ್ಲಿ ಇದ್ದದ್ದು 65, 66, 72.