ಹಳೇ ಸಾಲದ ದುಡ್ಡನ್ನು ಏಜೆಂಟ್ ಕೈಗೆ ಕೊಡಬೇಡಿ

‘ಸಿಬಿಲ್ ಸರಿ ಮಾಡಿಸಿಕೊಡುತ್ತೇವೆ, 45 ದಿನದಲ್ಲಿ 750 ಗ್ಯಾರಂಟಿ’ ಅಂತ ಲೈಟ್ ಕಂಬಕ್ಕೆ ಅಂಟಿಸಿದ ಚೀಟಿ ನೀವೂ ನೋಡಿರುತ್ತೀರಿ. ವಾಟ್ಸಾಪ್ ಸ್ಟೇಟಸ್‌ನಲ್ಲೂ ಬರುತ್ತದೆ. ಸಿಬಿಲ್ ಅಂದರೆ ನಾವು ಸಾಲ ಹೇಗೆ ಕಟ್ಟಿದ್ದೇವೆ ಅಂತ ದಾಖಲೆ ಇಟ್ಟು, ಅದಕ್ಕೆ ಸ್ಕೋರ್ ಕೊಡುವ ಕಂಪನಿ. ದಯವಿಟ್ಟು ಆ ನಂಬರ್‌ಗೆ ಫೋನ್ ಮಾಡಬೇಡಿ. ದಾವಣಗೆರೆಯಲ್ಲಿ ಅಂಥದ್ದೇ ಒಂದು ಆಫೀಸು ನನ್ನಿಂದ 38,000 ರೂಪಾಯಿ ತಗೊಂಡಿತು. ಸಾಲದಲ್ಲಿ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ. ಸ್ಕೋರ್ ಇದ್ದದ್ದಕ್ಕಿಂತ ಕೆಳಗೆ ಹೋಯಿತು.

ನನ್ನದು ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. 2020ರ ಮದುವೆ ಸೀಸನ್‌ಗೆ ಅಂತ ಕ್ರೆಡಿಟ್ ಕಾರ್ಡ್‌ನಲ್ಲಿ ಬಟ್ಟೆ, ಲೈನಿಂಗ್, ಒಂದು ಪಿಕೋ ಮಷಿನ್ ತಂದಿದ್ದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕಂತು ಮುಂದೂಡಿಕೊಳ್ಳಲು ಆರ್‌ಬಿಐ ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತು, ನಿಜ. ಆದರೆ ಬಡ್ಡಿ ನಿಲ್ಲಲಿಲ್ಲ. ಅಂಗಡಿ ಮತ್ತೆ ತೆರೆದಾಗ 58,000 ಬಾಕಿ ನಿಂತಿತ್ತು, ಕೈಯಲ್ಲಿ ಆರ್ಡರ್ ಇರಲಿಲ್ಲ. ನಮ್ಮಂಥ ಎಷ್ಟೋ ಸಣ್ಣ ಅಂಗಡಿಯವರ ಕಥೆ ಇದೇ ಅಲ್ವಾ. 90 ದಿನ ಕಟ್ಟದೇ ಹೋದರೆ ಬ್ಯಾಂಕ್ ಅದನ್ನು ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಅನ್ನುತ್ತದೆ. ಆಮೇಲೆ ರೈಟ್ ಆಫ್ ಮಾಡುತ್ತದೆ. ರೈಟ್ ಆಫ್ ಅಂದರೆ ಸಾಲ ಮನ್ನಾ ಅಲ್ಲ. ಬ್ಯಾಂಕ್ ತನ್ನ ಲೆಕ್ಕದ ಪುಸ್ತಕದಲ್ಲಿ ನಷ್ಟಕ್ಕೆ ಬರೆದುಕೊಳ್ಳುತ್ತದೆ ಅಷ್ಟೇ. ಸಾಲ ನಮ್ಮ ಹೆಸರಲ್ಲೇ ಇರುತ್ತದೆ.

2024ರಲ್ಲಿ ನಾನು, ಯಜಮಾನರು ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಸ್ಕೋರ್ ತೋರಿಸಿದರು. 561. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750ರ ಮೇಲಿದ್ದರೆ ಬ್ಯಾಂಕಿನವರು ನಗುನಗುತ್ತಾ ಮಾತಾಡಿಸುತ್ತಾರೆ. “ಮೇಡಂ, ಹಳೇ ಕಾರ್ಡ್ ಒಂದಿದೆ, ಅದನ್ನ ಮುಗಿಸ್ಕೊಂಡು ಬನ್ನಿ” ಅಂದರು. ಯಾರ ಹತ್ತಿರ, ಹೇಗೆ ಮುಗಿಸಬೇಕು ಅಂತ ಹೇಳಲಿಲ್ಲ. ಆ ಏಜೆಂಟರ ಅಂಗಡಿ ನಡೆಯುವುದೇ ಈ ಜಾಗದಲ್ಲಿ.

ಆಫೀಸಿನಲ್ಲಿದ್ದ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿಸಿದ. “ಅಕ್ಕಾ, ನೀವೇನೂ ತಲೆ ಕೆಡಿಸ್ಕೋಬೇಡಿ. ಒಂದು ಓಟಿಪಿ ಬರುತ್ತೆ, ಹೇಳಿ ಸಾಕು. ಉಳಿದಿದ್ದೆಲ್ಲಾ ನಾವ್ ನೋಡ್ಕೋತೀವಿ.” 12,000 ಫೀಸು ಮುಂಗಡವಾಗಿ ತಗೊಂಡ. ಆ ಓಟಿಪಿಯಿಂದ ನನ್ನ ಹೆಸರಲ್ಲಿ ಸಿಬಿಲ್ ಲಾಗಿನ್ ತೆರೆದ. ಇಮೇಲ್ ಮಾತ್ರ ತನ್ನದು ಕೊಟ್ಟ. ಅಲ್ಲಿಂದ ಮುಂದೆ ನನ್ನ ಖಾತೆಯ ಬಗ್ಗೆ ಬಂದ ಪತ್ರವೆಲ್ಲಾ ಅವನಿಗೆ ಹೋಯಿತು, ನನಗೆ ಒಂದೂ ಬರಲಿಲ್ಲ.

ಮೊದಲ ಕೆಲಸವಾಗಿ ‘ಈ ಕಾರ್ಡ್ ನನ್ನದಲ್ಲ’ ಅಂತ ನನ್ನ ಹೆಸರಲ್ಲಿ ಡಿಸ್ಪ್ಯೂಟ್ ಹಾಕಿದ. ನನಗೆ ಹೇಳಲೇ ಇಲ್ಲ. ಡಿಸ್ಪ್ಯೂಟ್ ಇರುವಷ್ಟು ದಿನ ಆ ಖಾತೆಯ ಮೇಲೆ ತಕರಾರಿದೆ ಅಂತ ಒಂದು ಗುರುತು ಬೀಳುತ್ತದೆ. ಅದರ ಸ್ಕ್ರೀನ್‌ಶಾಟ್ ಕಳಿಸಿ, “ನೋಡಿ ಅಕ್ಕಾ, ಕೆಲಸ ಶುರುವಾಗಿದೆ” ಅಂದ. ಸಿಬಿಲ್ ಕಂಪನಿ ತಾನಾಗಿ ಯಾವ ದಾಖಲೆಯನ್ನೂ ತಿದ್ದುವುದಿಲ್ಲ. ಸಾಲ ಕೊಟ್ಟವರನ್ನು ಕೇಳುತ್ತದೆ, ಅವರು ಹೌದು ಅಂದರೆ ಮಾತ್ರ ಬದಲಾಗುತ್ತದೆ. ಕಾರ್ಡ್ ನನ್ನದೇ ಆಗಿದ್ದರಿಂದ ತಕರಾರು ಬಿದ್ದುಹೋಯಿತು. ರಿಪೋರ್ಟ್‌ನಲ್ಲಿ ನಿಜವಾಗಿ ತಪ್ಪಿದ್ದರೆ, ಅಂದರೆ ಕಟ್ಟಿದ ಕಂತು ಕಟ್ಟಿಲ್ಲ ಅಂತ ಇದ್ದರೆ, ಬೇರೆಯವರ ಸಾಲ ನಿಮ್ಮ ಪ್ಯಾನ್‌ಗೆ ಸೇರಿಕೊಂಡಿದ್ದರೆ, ಡಿಸ್ಪ್ಯೂಟ್ ನೀವೇ ಹಾಕಬಹುದು. ದುಡ್ಡು ಕೊಡಬೇಕಿಲ್ಲ. 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಎರಡನೇ ಕೆಲಸ ಸೆಟಲ್‌ಮೆಂಟ್, ಅಂದರೆ ಬಾಕಿಗಿಂತ ಕಡಿಮೆ ದುಡ್ಡಿಗೆ ರಾಜಿ ಮಾಡಿಕೊಂಡು ಸಾಲ ಮುಗಿಸುವುದು. ‘ಬ್ಯಾಂಕ್ ರಿಕವರಿ ಆಫೀಸರ್’ ಅಂತ ಒಬ್ಬರ ಜೊತೆ ಫೋನಲ್ಲಿ ಮಾತಾಡಿಸಿದ. 26,000 ಕಟ್ಟಿದರೆ ಖಾತೆ ಮುಗಿಯಿತು, ಈ ತಿಂಗಳ ಕೊನೇವರೆಗೆ ಮಾತ್ರ ಈ ಆಫರ್, ಕಟ್ಟದಿದ್ದರೆ ಪೊಲೀಸ್ ಕೇಸ್ ಅಂದರು. ವಾಟ್ಸಾಪ್‌ನಲ್ಲಿ ಒಂದು ಪತ್ರ ಬಂತು. ಮೇಲೆ ಬ್ಯಾಂಕಿನ ಲೋಗೋ, ಕೆಳಗೆ ರಬ್ಬರ್ ಸ್ಟ್ಯಾಂಪ್, ಗೀಚಿದ ಸಹಿ. ದುಡ್ಡು ಯುಪಿಐನಲ್ಲಿ ಹೋಯಿತು.

ಆ ಪತ್ರ ಈಗಲೂ ನನ್ನ ಹತ್ತಿರ ಇದೆ. ಇಂಥ ಪತ್ರ ನಿಮ್ಮ ಕೈಗೂ ಬರಬಹುದು, ಅದಕ್ಕೇ ಅದರಲ್ಲಿ ಏನೇನಿತ್ತು, ಏನೇನಿರಲಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ರೆಫರೆನ್ಸ್ ನಂಬರ್ ಇರಲಿಲ್ಲ. ಕಾರ್ಡ್ ನಂಬರಿನ ಜಾಗದಲ್ಲಿ ನನ್ನ ಮೊಬೈಲ್ ನಂಬರ್ ಇತ್ತು. ಸಹಿ ಕೆಳಗೆ ‘ಅಧಿಕೃತ ಸಹಿದಾರ’ ಅಂತಿತ್ತು, ಹೆಸರಿಲ್ಲ, ಹುದ್ದೆಯಿಲ್ಲ, ಯಾವ ಶಾಖೆ ಅಂತಲೂ ಇಲ್ಲ. ದುಡ್ಡು ಹಾಕಬೇಕಾದ ಯುಪಿಐ ಐಡಿ ಒಬ್ಬ ವ್ಯಕ್ತಿಯ ಹೆಸರಲ್ಲಿತ್ತು. ದುಡ್ಡು ಬಂದ ಮೇಲೆ ಸಿಬಿಲ್‌ಗೆ ಏನಂತ ವರದಿ ಮಾಡುತ್ತೇವೆ ಅನ್ನುವುದು ಎಲ್ಲೂ ಇರಲಿಲ್ಲ.

ಪತ್ರ ಹಿಡಿದುಕೊಂಡು ಶಾಖೆಗೆ ಹೋದಾಗ ಅಲ್ಲಿನ ಮೇಡಂ ಕಂಪ್ಯೂಟರ್ ನೋಡಿ ಹೇಳಿದ್ದು ಕೇಳಿ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. “ಇದು ಈಗ ನಮ್ಮ ಹತ್ರ ಇಲ್ವೇ ಇಲ್ಲ ಅಮ್ಮಾ. 2022ರಲ್ಲೇ ಎಆರ್‌ಸಿಗೆ ಮಾರಿದ್ದಾರೆ.” ಎಆರ್‌ಸಿ ಅಂದರೆ ಬ್ಯಾಂಕುಗಳ ವಸೂಲಾಗದ ಸಾಲವನ್ನು ಕಡಿಮೆ ಬೆಲೆಗೆ ಕೊಂಡುಕೊಳ್ಳುವ ಕಂಪನಿ. ಆರ್‌ಬಿಐ ಪರವಾನಗಿ ಇರುತ್ತದೆ, ವ್ಯವಹಾರ ಕಾನೂನುಬದ್ಧವೇ. ಮಾರಾಟ ಆದ ಮೇಲೆ ಸಾಲದ ಯಜಮಾನ ಆ ಕಂಪನಿ. ಬ್ಯಾಂಕಿಗೆ ಕಟ್ಟಿದರೂ, ರಿಕವರಿ ಏಜೆಂಟಿಗೆ ಕೊಟ್ಟರೂ ಸಾಲ ತೀರುವುದಿಲ್ಲ. ಎನ್‌ಒಸಿ, ಅಂದರೆ ಇನ್ನು ಬಾಕಿ ಇಲ್ಲ ಅನ್ನುವ ಪತ್ರ, ಕೊಡುವ ಹಕ್ಕೂ ಎಆರ್‌ಸಿಗೇ. ನನ್ನ ಪೂರ್ತಿ ರಿಪೋರ್ಟ್‌ನಲ್ಲಿ ಆ ಕಂಪನಿಯ ಹೆಸರು ಸ್ಪಷ್ಟವಾಗಿ ಇತ್ತು. ಆ ಹುಡುಗ ನನಗೆ ಯಾವತ್ತೂ ತೋರಿಸಿದ್ದು ಸ್ಕೋರ್ ಇರುವ ಮೊದಲ ಪುಟ ಮಾತ್ರ.

ಅದಕ್ಕೇ ಹೇಳುವುದು, ಒಂದು ರೂಪಾಯಿ ಕಟ್ಟುವ ಮೊದಲು ಪೂರ್ತಿ ರಿಪೋರ್ಟ್ ತೆಗೆಯಿರಿ. ನಮ್ಮ ದೇಶದಲ್ಲಿ ಈ ರಿಪೋರ್ಟ್ ಕೊಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು. ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಹಾಕಿ ತೆಗೆಯಿರಿ. ಮಕ್ಕಳ ಸಹಾಯ ಬೇಕಿದ್ದರೆ ತಗೊಳ್ಳಿ, ಸೈಬರ್ ಸೆಂಟರ್‌ನಲ್ಲಿ ಮಾತ್ರ ಬೇಡ. ಸಾಲ ಇವತ್ತು ಯಾರ ಹೆಸರಲ್ಲಿದೆ, ಬಾಕಿ ಎಷ್ಟು ತೋರಿಸುತ್ತಿದೆ, ಕೊನೇ ಕಂತು ಯಾವಾಗ ಕಟ್ಟಿದ್ದು, ಎಲ್ಲಾ ಅದರಲ್ಲೇ ಇರುತ್ತದೆ. ತಿಂಗಳ ಲೆಕ್ಕದ ಸಣ್ಣ ಸಣ್ಣ ಚೌಕಗಳಲ್ಲಿ ಎಷ್ಟು ದಿನ ತಡವಾಗಿದೆ ಅನ್ನುವ ಅಂಕಿ ಇರುತ್ತದೆ, 36 ತಿಂಗಳವರೆಗೆ. ಆ ಚೌಕಗಳನ್ನು ಅಳಿಸುತ್ತೇನೆ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಇನ್ನು ಸೆಟಲ್‌ಮೆಂಟ್ ಬಗ್ಗೆ. ನಿಜವಾದ ಕಂಪನಿಯೇ ಕಡಿಮೆಗೆ ಮುಗಿಸಿಕೊಟ್ಟರೂ ರಿಪೋರ್ಟ್‌ನಲ್ಲಿ ಆ ಸಾಲ ‘ಸೆಟಲ್ಡ್’ ಅಂತ ಕೂರುತ್ತದೆ, ‘ಕ್ಲೋಸ್ಡ್’ ಅಂತ ಅಲ್ಲ. ಮುಂದೆ ಸಾಲ ಕೊಡುವವರಿಗೆ ಅದರಿಂದ ಗೊತ್ತಾಗುವುದು ಇಷ್ಟೇ: ಈ ಮನುಷ್ಯ ಪೂರ್ತಿ ಕಟ್ಟಿಲ್ಲ. ರಾಜಿ ಮಾಡಿಕೊಂಡವರಿಗೆ ಹೊಸ ಸಾಲ ಕೊಡಲು ಬ್ಯಾಂಕ್ ಕನಿಷ್ಠ 12 ತಿಂಗಳು ಕಾಯಬೇಕು ಅಂತಲೂ 2023ರ ಜೂನ್‌ನ ಆರ್‌ಬಿಐ ಸುತ್ತೋಲೆ ಹೇಳುತ್ತದೆ, ಕೃಷಿ ಸಾಲಕ್ಕೆ ಬೇರೆ ಲೆಕ್ಕ. ನಿಜವಾಗಿಯೂ ಕೈಲಾಗದವರು ಸೆಟಲ್‌ಮೆಂಟ್ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಮೈಮೇಲಿನ ಹೊರೆ ಇಳಿಯುತ್ತದೆ. ಆದರೆ ಮನೆ ಸಾಲ ಬೇಕು ಅಂತಲೇ ಇದಕ್ಕೆ ಹೊರಟವರು ಬಡ್ಡಿ, ದಂಡ ಕಡಿಮೆ ಮಾಡಿಸಿಕೊಂಡು, ಒಪ್ಪಿದ ಮೊತ್ತ ಕಟ್ಟಿದ ಮೇಲೆ ‘ಕ್ಲೋಸ್ಡ್, ಬಾಕಿ ಸೊನ್ನೆ’ ಅಂತಲೇ ವರದಿ ಮಾಡುತ್ತೇವೆ ಅನ್ನುವುದನ್ನು ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ. ಕಂಪನಿಯ ಅಧಿಕೃತ ಇಮೇಲ್‌ನಿಂದಲೇ ಬರಬೇಕು. ದುಡ್ಡು ಕಂಪನಿ ಹೆಸರಿನ ಖಾತೆಗೆ ಮಾತ್ರ ಹೋಗಬೇಕು.

ಪೊಲೀಸ್ ಕೇಸ್ ಅಂತ ಹೆದರಿಸುವುದಕ್ಕೂ ಹೆದರಬೇಡಿ. ದುಡ್ಡಿಲ್ಲದೆ ಕಾರ್ಡ್ ಬಾಕಿ ನಿಂತರೆ ಅದು ಸಿವಿಲ್ ವ್ಯಾಜ್ಯ. ರಿಕವರಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ತುಂಬಾ ಹಳೇ ಸಾಲವಾಗಿದ್ದರೆ ಏನಾದರೂ ಬರೆದುಕೊಡುವ ಮೊದಲು ವಕೀಲರನ್ನು ಒಮ್ಮೆ ಕೇಳಿ. ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ, ನೀವು ಸಹಿ ಹಾಕಿ ಕೊಡುವ ಕಾಗದದಿಂದ ಆ ಲೆಕ್ಕ ಬದಲಾಗಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸಲಹೆ ಪುಕ್ಕಟೆ. ಕೋರ್ಟ್ ಆವರಣದಲ್ಲೇ ಇರುವ ಆಫೀಸು, ಎಷ್ಟು ಜನರಿಗೆ ಗೊತ್ತಿಲ್ಲ ಅಂತ ಬೇಜಾರಾಗುತ್ತದೆ.

ಆ ಏಜೆಂಟ್ ಮಾಡಿಸಿದ ಮೂರನೇ ಕೆಲಸ ಎಫ್‌ಡಿ ಕಾರ್ಡ್, ಅಂದರೆ ಬ್ಯಾಂಕಿನಲ್ಲಿ ಇಟ್ಟ ಠೇವಣಿ ಮೇಲೆ ಕೊಡುವ ಕಾರ್ಡ್. ಸ್ಕೋರ್ ಕೆಟ್ಟವರಿಗೂ ಬ್ಯಾಂಕುಗಳು ಎಫ್‌ಡಿ ಇಟ್ಟುಕೊಂಡು ಕ್ರೆಡಿಟ್ ಕಾರ್ಡ್ ಕೊಡುತ್ತವೆ. ಒಳ್ಳೆಯ ದಾರಿಯೇ. ಏಜೆಂಟ್ ನನ್ನಿಂದ 25,000 ಎಫ್‌ಡಿ ಮಾಡಿಸಿ 20,000 ಲಿಮಿಟ್‌ನ ಕಾರ್ಡ್ ಕೊಡಿಸಿದ. ಆಮೇಲೆ ಹೇಳಿಕೊಟ್ಟದ್ದೇ ವಿಷ. “ಪೂರ್ತಿ ಲಿಮಿಟ್ ಉಜ್ಜಿ ಅಕ್ಕಾ, ಮಿನಿಮಮ್ ಡ್ಯೂ ಕಟ್ತಾ ಹೋಗಿ, ಬ್ಯಾಂಕಿಗೆ ಬಡ್ಡಿ ಸಿಕ್ಕಿದ್ರೆ ತಾನೇ ಸ್ಕೋರ್ ಏರೋದು.” ಮಿನಿಮಮ್ ಡ್ಯೂ ಅಂದರೆ ಬಿಲ್‌ನಲ್ಲಿ ಕಟ್ಟಲೇಬೇಕಾದ ಸಣ್ಣ ಪಾಲು, ಉಳಿದದ್ದಕ್ಕೆ ಬಡ್ಡಿ ಓಡುತ್ತದೆ. ಬಡ್ಡಿಗೂ ಸ್ಕೋರಿಗೂ ಸಂಬಂಧವೇ ಇಲ್ಲ.

ಲೆಕ್ಕ ನೋಡಿ. ತಿಂಗಳಿಗೆ ಶೇ. 3.5ರಂತೆ 20,000ಕ್ಕೆ 700 ರೂಪಾಯಿ ಬಡ್ಡಿ. ಅದರ ಮೇಲೆ ಶೇ. 18 ಜಿಎಸ್‌ಟಿ 126. ಒಟ್ಟು 826 ಪ್ರತಿ ತಿಂಗಳೂ ಹೋಗುತ್ತದೆ. ಅತ್ತ ನನ್ನ ಎಫ್‌ಡಿಗೆ ಶೇ. 7 ಅಂದುಕೊಂಡರೂ ಬರುವುದು ತಿಂಗಳಿಗೆ 145ರ ಆಸುಪಾಸು. ಹಳೇ ಬಾಕಿ ಉಳಿದಿದ್ದರೆ ಹೊಸದಾಗಿ ತಗೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ತಗೊಂಡ ದಿನದಿಂದಲೇ ಬಡ್ಡಿ. ಲಿಮಿಟ್ ಪೂರ್ತಿ ಬಳಸಿದವರನ್ನು ಸಾಲಕ್ಕೆ ಹಸಿದವರು ಅಂತ ಲೆಕ್ಕ ಹಿಡಿಯುತ್ತಾರೆ. ಸ್ಕೋರ್ ಇಳಿದದ್ದು ಅದರಿಂದಲೇ.

ಈಗ ನಾನು ಅದೇ ಕಾರ್ಡಿನಲ್ಲಿ ಮನೆಯ ಕರೆಂಟ್ ಬಿಲ್, ಗ್ಯಾಸ್ ಸಿಲಿಂಡರ್, ದಾರ ಮತ್ತು ಹುಕ್ಕು ತರುವ ಖರ್ಚು ಮಾತ್ರ ಮಾಡುತ್ತೇನೆ. 6,000 ದಾಟಿಸುವುದಿಲ್ಲ, ಅಂದರೆ ಲಿಮಿಟ್‌ನ ಶೇ. 30ರ ಒಳಗೆ. ಪೂರ್ತಿ ಬಿಲ್ ಆಟೋ ಡೆಬಿಟ್‌ಗೆ ಹಾಕಿದ್ದೇನೆ. ಎಟಿಎಂನಲ್ಲಿ ಆ ಕಾರ್ಡ್ ಹಾಕುವುದೇ ಇಲ್ಲ, ನಗದು ತೆಗೆದ ಕ್ಷಣದಿಂದ ಬಡ್ಡಿ ಓಡುತ್ತದೆ. ಕಾರ್ಡ್ ಇರುವವರೆಗೆ ಎಫ್‌ಡಿ ಮುರಿಯಲು ಆಗುವುದಿಲ್ಲ, ಆಸ್ಪತ್ರೆ ಖರ್ಚಿಗೆ ಅಂತ ಇಟ್ಟ ದುಡ್ಡನ್ನು ಇದಕ್ಕೆ ಹಾಕಬೇಡಿ. ಎಫ್‌ಡಿ ಇದೆಯಲ್ಲ, ಬಿಲ್ ಕಟ್ಟದಿದ್ದರೆ ಅದರಲ್ಲೇ ಮುರಿದುಕೊಳ್ಳಲಿ ಅಂತಲೂ ಬಿಡಬೇಡಿ. ಬ್ಯಾಂಕ್ ಮುರಿದುಕೊಳ್ಳುತ್ತದೆ, ಜೊತೆಗೆ ಕಟ್ಟಲಿಲ್ಲ ಅಂತ ಸಿಬಿಲ್‌ಗೂ ಕಳಿಸುತ್ತದೆ. ಹೊಸ ಕಾರ್ಡಿನ ಒಳ್ಳೇ ತಿಂಗಳುಗಳು ಹಳೇ ಬಾಕಿಯನ್ನು ಮುಚ್ಚುವುದೂ ಇಲ್ಲ. ಎರಡೂ ಒಂದೇ ರಿಪೋರ್ಟ್‌ನಲ್ಲಿ ಅಕ್ಕಪಕ್ಕ ಇರುತ್ತವೆ. ಬಾಕಿ ತೀರಲೇಬೇಕು.

ನನ್ನ ಬಾಕಿ ಈಗ ಎಆರ್‌ಸಿ ಹತ್ತಿರವೇ ನೇರವಾಗಿ ಮಾತಾಡಿ 71,000ಕ್ಕೆ ಒಪ್ಪಿಸಿಕೊಂಡು, ನಾಲ್ಕು ಕಂತಿನಲ್ಲಿ ಕಟ್ಟುತ್ತಿದ್ದೇನೆ. ಕೊನೇ ಕಂತು ಉಳಿದಿದೆ. ಅದು ಮುಗಿದ ಮೇಲೆ ಎನ್‌ಒಸಿ ಬರಬೇಕು, ರಿಪೋರ್ಟ್ ಬದಲಾಗಬೇಕು. ಬದಲಾಗದಿದ್ದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡುತ್ತೇನೆ, ಡಿಸ್ಪ್ಯೂಟ್ ನಾನೇ ಹಾಕುತ್ತೇನೆ. ಬ್ಯಾಂಕ್ ಅಥವಾ ಸಿಬಿಲ್‌ನಂಥ ಕಂಪನಿಗಳು 30 ದಿನದಲ್ಲಿ ಸರಿಯಾಗಿ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಫೀಸಿಲ್ಲ, ವಕೀಲರೂ ಬೇಡ. ವಿಚಾರಿಸಲು 14448ಕ್ಕೆ ಫೋನ್ ಮಾಡಿ.

ಏಜೆಂಟ್ ಆಫೀಸಿನ ಬಾಗಿಲು ಈಗ ಮುಚ್ಚಿದೆ, ಫೋನೂ ಸ್ವಿಚ್ ಆಫ್. ಪೊಲೀಸ್ ದೂರು ಕೊಟ್ಟಿದ್ದೇನೆ, ದುಡ್ಡು ವಾಪಸ್ ಬಂದಿಲ್ಲ. ನೀವೂ ಇಂಥವರಿಗೆ ಇತ್ತೀಚೆಗೆ ಯುಪಿಐನಲ್ಲಿ ದುಡ್ಡು ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಆ ದುಡ್ಡನ್ನು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ಚಾಟ್, ರಸೀದಿ, ಆ ಪತ್ರ ಏನನ್ನೂ ಡಿಲೀಟ್ ಮಾಡಬೇಡಿ. ಸಿಬಿಲ್ ಲಾಗಿನ್‌ನ ಇಮೇಲ್, ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ಆಧಾರ್, ಪ್ಯಾನ್ ಕಾಪಿ ಕೊಟ್ಟಿದ್ದರೆ ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ರಿಪೋರ್ಟ್ ತೆಗೆದು, ನಿಮಗೆ ಗೊತ್ತಿಲ್ಲದ ಸಾಲ ಏನಾದರೂ ನಿಮ್ಮ ಹೆಸರಲ್ಲಿ ಹುಟ್ಟಿದೆಯಾ ಅಂತ ನೋಡಿಕೊಳ್ಳಿ.