ಟ್ರ್ಯಾಕ್ಷನ್ ಕಂಟ್ರೋಲ್ ಲೈಟ್ ಹೋಗ್ತಿಲ್ವಾ, ಪಾರ್ಟ್ಸ್ ಚೇಂಜ್ ಮಾಡ್ಸೋಕ್ ಮುಂಚೆ ಇಲ್ಲಿ ತೋರ್ಸಿ

ರೇಟಿಂಗ್: 4.5/5

ಶಿವಮೊಗ್ಗದಲ್ಲಿ ಗಾಡಿ ಕಂಪ್ಯೂಟರಿಂದ ಫಾಲ್ಟ್ ಕೋಡ್ ಓದೋ ಸ್ಕ್ಯಾನರ್ ಇಟ್ಕೊಂಡಿರೋ ಗ್ಯಾರೇಜ್ ಬೇಕಾದಷ್ಟಿದಾವೆ, ಆದ್ರೆ ಸ್ಕ್ಯಾನರ್ ಹೇಳಿದ್ದನ್ನೇ ವೇದವಾಕ್ಯ ಅನ್ಕೊಳ್ದೆ ಯಾಕ್ ಹಂಗ್ ಹೇಳ್ತಿದೆ ಅಂತ ಹುಡುಕೋರು ಕಮ್ಮಿ. ಆಟೋ ಕಾಂಪ್ಲೆಕ್ಸ್ ಕಡೆ ಇರೋ ಈ ಗ್ಯಾರೇಜ್ ಓನರ್ ಆ ಕಮ್ಮಿ ಜನರಲ್ಲಿ ಒಬ್ರು.

ನನ್ ಗಾಡೀದು ಸಮಸ್ಯೆ ಏನಂದ್ರೆ ಜಾರೋ ಕಾರಿನ ಚಿತ್ರ ಇರುತ್ತಲ್ಲ ಆ ಹಳದಿ ಟ್ರ್ಯಾಕ್ಷನ್ ಕಂಟ್ರೋಲ್ ಲೈಟು, ಜೊತೆಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗ್ದಂಗೆ ನೋಡ್ಕೊಳ್ಳೋ ಸಿಸ್ಟಂ) ಲೈಟು. ಸ್ಟಾರ್ಟ್ ಮಾಡಿದಾಗ ಎಲ್ಲಾ ಲೈಟ್ ಥರಾನೇ ಬಂದು ಆಫ್ ಆಗೋವು, ಗೇಟ್ ದಾಟಿ ರೋಡಿಗಿಳ್ದು ಸ್ವಲ್ಪ ಸ್ಪೀಡ್ ತಗೊಂಡ್ರೆ ಸಾಕು ಎರಡೂ ಒಟ್ಟಿಗೆ ಹತ್ಕೊಳ್ಳೋವು. ಟ್ರ್ಯಾಕ್ಷನ್ ಲೈಟ್ ಮಿಣಮಿಣ ಅಂದ್ರೆ ಚಕ್ರ ಜಾರ್ತಿದೆ ಸಿಸ್ಟಂ ಕೆಲಸ ಮಾಡ್ತಿದೆ ಅಂತ, ಅದೇನೂ ತೊಂದ್ರೆ ಇಲ್ಲ, ನಂದು ಒಂದೇ ಸಮ ಉರೀತಿತ್ತು. ಬ್ರೇಕ್ ಎಂದಿನಂಗೇ ಹಿಡೀತಿತ್ತು, ಆದ್ರೆ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯೋರಿಗೆ ಎಬಿಎಸ್ ಇಲ್ಲ ಅಂದ್ರೆ ಧೈರ್ಯ ಬರಲ್ಲ ಬಿಡಿ.

ಮೊದ್ಲು ತೋರ್ಸಿದ್ದು ಕಂಪನಿ ಸರ್ವಿಸ್ ಸೆಂಟರಲ್ಲಿ, ಯಾವ್ದು ಅಂತ ಹೇಳಲ್ಲ. ಕೋಡ್ ಸಿ0035 ಬಂತು, ಮುಂದಿನ ಎಡಗಡೆ ವೀಲ್ ಸ್ಪೀಡ್ ಸೆನ್ಸರ್ ಅಂದ್ರು, ಸೆನ್ಸರ್ ಹೊಸದು ಹಾಕಿದ್ರು, ಮನೆ ಮುಟ್ಟೋದ್ರೊಳಗೆ ಲೈಟ್ ವಾಪಸ್. ಆಮೇಲೆ ಶುರುವಾಯ್ತು ನೋಡಿ, ಹಂಗಾದ್ರೆ ಎಬಿಎಸ್ ಮಾಡ್ಯೂಲೇ (ಎಬಿಎಸ್ ನಡೆಸೋ ಕಂಪ್ಯೂಟರ್) ಹೋಗಿರ್ಬೇಕು ಸರ್, ನಲವತ್ತು ಸಾವಿರದ ಮೇಲಾಗುತ್ತೆ ಅಂತ. "ಹೋಗಿರ್ಬೇಕು" ಅನ್ನೋ ಮಾತಿಗೆ ನಲವತ್ತು ಸಾವಿರ ಯಾರ್ ಕೊಡ್ತಾರೆ!

ಇಲ್ಲಿ ಓನರ್ ಬಾನೆಟ್ ಎತ್ತೋಕೂ ಮುಂಚೆ ಎರಡು ಪ್ರಶ್ನೆ ಕೇಳಿದ್ರು. ಲೈಟು ಕೀ ಆನ್ ಮಾಡಿದಾಗಿಂದ್ಲೇ ಉರೀತಾನೇ ಇರುತ್ತಾ ಇಲ್ಲ ಗಾಡಿ ಓಡಿದ ಮೇಲೆ ಹತ್ಕೊಳ್ಳುತ್ತಾ? ಆ ವೀಲಲ್ಲಿ ಇತ್ತೀಚೆಗೆ ಏನಾದ್ರೂ ಕೆಲಸ ಆಗಿದ್ಯಾ? ವೈರ್ ಕಟ್ಟಾಗಿದ್ರೆ ಮಾಡ್ಯೂಲಿಗೆ ನಿಂತಲ್ಲೇ ಗೊತ್ತಾಗುತ್ತಂತೆ, ಗಾಡಿ ಓಡಿದ ಮೇಲೇ ಲೈಟ್ ಬರುತ್ತೆ ಅಂದ್ರೆ ವೈರು ಸರಿ ಇದ್ದು ಚಕ್ರ ತಿರುಗೋ ಸಿಗ್ನಲ್ ಮಾತ್ರ ಬರ್ತಿಲ್ಲ ಅಂತ ಅರ್ಥ. ಇನ್ನು ಆ ವೀಲಿನ ಬೇರಿಂಗ್ ಗುಂಯ್ ಅಂತಿತ್ತು ಅಂತ ಸ್ವಲ್ಪ ದಿನದ ಹಿಂದೆ ಬೇರೆ ಒಂದ್ ಕಡೆ ಚೇಂಜ್ ಮಾಡ್ಸಿದ್ದೆ, ಅದನ್ನ ಹೇಳಿದ್ದೇ ತಡ ಮನುಷ್ಯ ನಗೋಕೆ ಶುರು ಮಾಡಿದ್ರು.

ಆದ್ರೂ ಅಷ್ಟಕ್ಕೇ ಬಿಚ್ಚೋಕೆ ಹೋಗ್ಲಿಲ್ಲ. ಸ್ಕ್ಯಾನರಲ್ಲಿ ಲೈವ್ ಡೇಟಾ ಹಾಕಿ ನನ್ ಕೈಗೆ ಕೊಟ್ಟು ತಾವೇ ಗಾಡಿ ಓಡ್ಸಿದ್ರು, ಮೂರು ಚಕ್ರದ್ದು ಸ್ಪೀಡ್ 22, 23 ಅಂತ ತೋರಿಸ್ತಿದೆ, ಮುಂದಿನ ಎಡಗಡೇದು ಮಾತ್ರ ಸೊನ್ನೆ. ವಾಪಸ್ ಬಂದು ಒಂದು ಹೊಸ ಬೇರಿಂಗ್ ತೋರ್ಸಿದ್ರು, ಅದರ ಒಂದು ಮಗ್ಗುಲಿನ ಕಪ್ಪು ಸೀಲಲ್ಲಿ ಸುತ್ತಲೂ ಸಣ್ಣ ಸಣ್ಣ ಮ್ಯಾಗ್ನೆಟ್ ಥರ ಇರುತ್ತೆ, ಚಕ್ರ ತಿರುಗಿದಾಗ ಸೆನ್ಸರ್ ಎಣಿಸೋದು ಅದನ್ನೇ. ಬರಿಗಣ್ಣಿಗೆ ಏನೂ ಕಾಣಲ್ಲ, ಮೇಲೆ ಮ್ಯಾಗ್ನೆಟ್ ಪತ್ತೆ ಮಾಡೋ ಒಂದು ಹಸಿರು ಕಾರ್ಡ್ ಇಟ್ರೆ ಸಾಲಾಗಿ ಗೆರೆ ಮೂಡ್ತವೆ, ಬೇರಿಂಗ್ ತಿರುಗಿಸಿ ಇನ್ನೊಂದು ಮಗ್ಗುಲಿಗೆ ಇಟ್ರೆ ಒಂದು ಗೆರೇನೂ ಇಲ್ಲ. ಕಪ್ಪು ಮಗ್ಗುಲು ಸೆನ್ಸರ್ ಕಡೆ ಬರ್ಬೇಕು. ನನ್ ಗಾಡೀಲಿ ಹಬ್ ಬಿಚ್ಚಿ ನೋಡಿದ್ರೆ ಉಲ್ಟಾ ಹಾಕಿದಾರೆ ಪುಣ್ಯಾತ್ಮರು! ಉಲ್ಟಾ ಹಾಕಿದ್ರೂ ಚಕ್ರ ಚೆನ್ನಾಗೇ ತಿರುಗುತ್ತೆ, ಸೌಂಡೂ ಬರಲ್ಲ, ಅದಕ್ಕೇ ಯಾರಿಗೂ ಡೌಟ್ ಬಂದಿಲ್ಲ.

ಒಂದ್ಸಲ ಪ್ರೆಸ್ಸಲ್ಲಿ ಹೊಡೆದು ತೆಗೆದ ಬೇರಿಂಗ್ ಮತ್ತೆ ಹಾಕೋ ಹಂಗಿಲ್ಲ, ಹೊಸದೇ ಬೇಕು. ಬೇರಿಂಗು, ಲೇಬರ್, ಸ್ಕ್ಯಾನಿಂಗ್ ಐನೂರು ಎಲ್ಲಾ ಸೇರಿ ನಾಲ್ಕೂವರೆ ಸಾವಿರದ ಹತ್ರ ಆಯ್ತು. ಸ್ಕ್ಯಾನಿಂಗಿಗೆ ಬೇರೆ ದುಡ್ಡಾ ಅಂತ ಮೂಗು ಮುರಿಯೋರಿಗೆ ಹೇಳ್ತೀನಿ, ನನ್ ಪ್ರಕಾರ ಆ ಬಿಲ್ಲಲ್ಲಿ ಅತಿ ಚೀಪ್ ಐಟಂ ಅದೇ. ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಒಬಿಡಿ ಡಬ್ಬಿ (ಗಾಡಿಗೆ ಸಿಕ್ಸಿ ಫೋನಲ್ಲಿ ಕೋಡ್ ನೋಡೋದು) ತಗೊಂಡು ಮನೇಲೇ ನೋಡ್ಕೋತೀನಿ ಅನ್ನೋರಿಗೂ ಒಂದ್ ಮಾತು, ಅವು ಬಹುತೇಕ ಇಂಜಿನ್ ಕೋಡ್ ಮಾತ್ರ ಓದೋದು, ಎಬಿಎಸ್ ಮಾಡ್ಯೂಲ್ ಒಳಗೆ ಹೋಗಲ್ಲ, ಲೈಟ್ ಉರೀತಿದ್ರೂ ಪ್ರಾಬ್ಲಂ ಇಲ್ಲ ಅಂತ ತೋರ್ಸುತ್ತೆ.

ಎಲ್ಲರ ಗಾಡೀಲೂ ಬೇರಿಂಗೇ ಇರುತ್ತೆ ಅಂತಲ್ಲ. ಅಲೈನ್‌ಮೆಂಟ್ ಮಾಡ್ಸಿ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ರೀಸೆಟ್ ಮಾಡ್ದೇ ಇದ್ರೂ, ಬ್ರೇಕ್ ಪೆಡಲ್ ಸ್ವಿಚ್ ಕೆಟ್ಟಿದ್ರೂ, ಟೈರ್ ಸೈಜ್ ಒಂದೊಂದು ಒಂದೊಂದು ಥರ ಇದ್ರೂ ಇದೇ ಲೈಟ್ ಬರಬಹುದು. ನಮ್ ಮಲೆನಾಡಲ್ಲಿ ಮಳೆಗಾಲ ಬಂದ್ರೆ ಇಲಿ ವೈರ್ ಕಡಿಯೋ ಕೇಸೇ ಜಾಸ್ತಿ ಅಂದ್ರು ಓನರ್, ನಾನ್ ಹೋದಾಗ್ಲೂ ಪಕ್ಕದಲ್ಲಿ ಅಂಥದ್ದೇ ಒಂದು ಗಾಡಿ ನಿಂತಿತ್ತು.

ಅರ್ಧ ಸ್ಟಾರ್ ಕಟ್ ಮಾಡಿದ್ದು ಫೋನಿಗೆ. ಎತ್ತೋದೇ ಇಲ್ಲ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿದ್ರೆ ರಾತ್ರಿ ಯಾವಾಗ್ಲೋ ಉತ್ತರ ಬರುತ್ತೆ. ಕೂರೋಕೆ ಜಾಗ ಇಲ್ಲ, ಬೇರಿಂಗ್ ಬೆಂಗಳೂರಿಂದ ತರಿಸ್ಬೇಕಾಗಿ ಗಾಡಿ ರಾತ್ರಿ ಅಲ್ಲೇ ಬಿಟ್ಟು ಬರ್ಬೇಕಾಯ್ತು. ಬಿಲ್ ಕೈಬರಹದ್ದು, ಜಿಎಸ್‌ಟಿ ಬಿಲ್ ಬೇಕು ಅನ್ನೋರು ಮೊದ್ಲೇ ಹೇಳಿಡಿ. ಭಾನುವಾರ ರಜೆ.