ಮಗಳು, ಕೆಂಚ ಮತ್ತು ಒಂದು ತೈಲಚಿತ್ರ

ನಮ್ಮ ಮುಧೋಳ ನಾಯಿ ಕೆಂಚನ ಕೊರಳಿಗೆ ಕೈ ಹಾಕಿಕೊಂಡು ಆರು ವರ್ಷದ ಮಗಳು ಜಗಲಿಯ ಮೇಲೆ ಕುಳಿತಿರುವ ತೈಲಚಿತ್ರವೊಂದನ್ನು ಮೈಸೂರಿನ ಕಲಾವಿದರೊಬ್ಬರಿಂದ ಬರೆಸಿದೆವು. 18 × 24 ಅಂಗುಲದ ಕ್ಯಾನ್ವಾಸಿಗೆ ಚೌಕಟ್ಟು ಬಿಟ್ಟು 16,000 ರೂಪಾಯಿ ಕೊಟ್ಟೆವು. ಎರಡು ತಿಂಗಳು ಎಂದದ್ದು ಮೂರೂವರೆ ತಿಂಗಳಾಯಿತು.

ನಾವು ಮೊಬೈಲಿನಲ್ಲಿ ನಿಂತುಕೊಂಡೇ ತೆಗೆದಿದ್ದ ಫೋಟೋಗಳಲ್ಲಿ ತಲೆ ದೊಡ್ಡದಾಗಿಯೂ ಕಾಲು ಗಿಡ್ಡವಾಗಿಯೂ ಕಾಣುತ್ತದೆ ಎಂದು ಅವರು ಎಲ್ಲವನ್ನೂ ಪಕ್ಕಕ್ಕಿಟ್ಟು, ತಾವೇ ಮನೆಗೆ ಬಂದು, ಮಗುವಿನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತು, ಫ್ಲ್ಯಾಶ್ ಇಲ್ಲದೆ ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದುಕೊಂಡರು. ಅರ್ಧ ಹಣ ಈ ಶ್ರದ್ಧೆಗೇ ಸಂದಿತು ಎಂದರೂ ತಪ್ಪಾಗದು.

ಆದರೂ ಮೊದಲು ತೋರಿಸಿದ ಹಂತದಲ್ಲಿ ಕೆಂಚ ಕೊಬ್ಬಿದ ಲ್ಯಾಬ್ರಡಾರ್‌ನಂತಿದ್ದ. ಇಳಿದ ಎದೆ, ಒಳಸೇರಿದ ಹೊಟ್ಟೆ ಮತ್ತು ಕಂಡೂ ಕಾಣದಂತಿರುವ ಕೊನೆಯ ಎರಡು ಮೂರು ಪಕ್ಕೆಲುಬುಗಳು ಈ ಬೇಟೆನಾಯಿಯ ಆರೋಗ್ಯದ ಲಕ್ಷಣವೇ ಹೊರತು ಹಸಿವಿನ ಗುರುತಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿಯನ್ನು ಹೀಗೆ ಉಬ್ಬಿಸಿದ್ದು ನನಗೆ ಸಹಿಸಲಾಗಲಿಲ್ಲ. ಹೇಳಿದಾಗ ಅವರು ಬೇಸರಿಸದೆ ಪಕ್ಕೆಯ ಬಣ್ಣವನ್ನು ಕೆರೆದು ತೆಗೆದು ಮತ್ತೆ ಬರೆದರು.

ಈಗ ಚಿತ್ರದ ಜೀವ ಇರುವುದೇ ಅಲ್ಲಿ. ಹಿಂದಿನಿಂದ ಬಿದ್ದ ಬಿಸಿಲು ಕೆಂಚನ ತೆಳುವಾದ ಕಿವಿಯನ್ನು ದಾಟಿ ಬಂದು ಅಂಚನ್ನು ಕೆಂಪಾಗಿಸಿದೆ. ಅವನ ಕತ್ತಿನ ಮಡಿಕೆಯಲ್ಲಿ ಮಗಳ ನಾಲ್ಕು ಬೆರಳುಗಳು ಹೂತಿದ್ದು, ಹೆಬ್ಬೆರಳೊಂದೇ ಹೊರಗೆ ಕಾಣುತ್ತದೆ. ಮಗಳ ಮುಖ ಮಾತ್ರ ಅಷ್ಟು ಒದಗಿಲ್ಲ: ಹೋಲಿಕೆ ಇದೆ, ಆದರೆ ಬಿದ್ದ ಹಲ್ಲನ್ನು ಮರೆಸಲು ತುಟಿ ಮುಚ್ಚಿಸಿದ್ದರಿಂದ ನಗು ಬಿಗಿದುಕೊಂಡಿದೆ. ಚಿತ್ರಕಾರ ವೆಲಾಸ್ಕೆಸ್ 1659ರಲ್ಲಿ ಬರೆದ ಸ್ಪೇನಿನ ರಾಜಕುಮಾರ ಫೆಲಿಪೆ ಪ್ರೋಸ್ಪೆರೊನ ಚಿತ್ರದಲ್ಲಿಯೂ ನನಗೆ ಹುಡುಗನಿಗಿಂತ ಕುರ್ಚಿಯ ಮೇಲೆ ಮಲಗಿದ ಪುಟ್ಟ ನಾಯಿಯೇ ಹೆಚ್ಚು ಜೀವಂತವಾಗಿ ಕಾಣುವುದರಿಂದ, ಈ ಕಲಾವಿದರನ್ನು ಬಹಳ ದೂರಲು ಮನಸ್ಸಾಗಲಿಲ್ಲ.

ಚೌಕಟ್ಟಿನ ಅಂಗಡಿಯವರು ಕೇಳದೆಯೇ ಗಾಜು ಕೂರಿಸಿದ್ದರು. ಕಿಟಕಿಯ ಪ್ರತಿಬಿಂಬದಲ್ಲಿ ಚಿತ್ರವೇ ಮರೆಯಾಗುತ್ತಿದ್ದುದರಿಂದ ಅದನ್ನು ತೆಗೆಸಿದೆವು. ತೈಲವರ್ಣ ಒಳಗಿನವರೆಗೆ ಒಣಗಲು ತಿಂಗಳುಗಟ್ಟಲೆ ಬೇಕಾದ್ದರಿಂದ ವಾರ್ನಿಷ್ ಇನ್ನೂ ಬಳಿದಿಲ್ಲ. ಆರು ತಿಂಗಳು ಕಳೆದ ಮೇಲೆ ಕಲಾವಿದರೇ ಬಂದು ಬಳಿಯುತ್ತೇನೆ ಎಂದಿದ್ದಾರೆ, ಅದಕ್ಕೆ ಬೇರೆ ಹಣ ಕೇಳಿಲ್ಲ.